ಮಾತಿಲ್ಲದ ರಂಗ: ‘ಸ್ವಿಂಗ್!’ ಮತ್ತು ಯಕ್ಷಗಾನ ಬ್ಯಾಲೆ

1999ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಪ್ರದರ್ಶನಗೊಂಡ ‘ಸ್ವಿಂಗ್!’, 1930-40ರ ದಶಕಗಳ ಜಾಜ್ ಸಂಗೀತ, ನೃತ್ಯಗಳನ್ನು ಸಂಭಾಷಣೆಯಿಲ್ಲದೆ ರಂಗಕ್ಕೆ ತಂದಿತು. ಅಲೆವೂರನ್ನೊಳಗೊಂಡ ಉಡುಪಿ ಪರಿಸರಕ್ಕೆ ಇಂತಹ ಪ್ರಯೋಗ ಅಪರಿಚಿತವಲ್ಲ. ಶಿವರಾಮ ಕಾರಂತರು ತಮ್ಮ ಯಕ್ಷಗಾನ ಬ್ಯಾಲೆಯಲ್ಲಿ ಮಾತನ್ನು ಕೈಬಿಟ್ಟರು. ಪಿಟೀಲು, ಸ್ಯಾಕ್ಸೋಫೋನ್‌ಗಳನ್ನು ಹಿಮ್ಮೇಳಕ್ಕೆ ಸೇರಿಸಿದರು. ಆದರೆ ಮಾತಿನ ಲೋಪದ ಪರಿಣಾಮ ಎರಡರಲ್ಲಿಯೂ ಒಂದೇ ಅಲ್ಲ. ಸ್ವಿಂಗ್ ಮೂಲತಃ ಕುಣಿತದ ಸಂಗೀತ. ಸಂಭಾಷಣೆಯಿಲ್ಲದಿದ್ದರೂ ಅದರ ರೂಪಕ್ಕೆ ಭಂಗವಿಲ್ಲ. ಜಾಜ್ ವಾದಕನು ವಾದ್ಯದಲ್ಲಿ ಮಾಡುವ ಆಶುವಿಸ್ತಾರವನ್ನು ಯಕ್ಷಗಾನದ ಪಾತ್ರಧಾರಿಯು ಭಾಗವತರ ಪದ್ಯಕ್ಕೆ ಅರ್ಥ ಹೇಳುವಾಗ ಮಾಡುತ್ತಾನೆ. ಪುರಾಣದ ಪಾತ್ರವು ವರ್ತಮಾನದೊಡನೆ ವಾದಿಸುವುದು ಅಲ್ಲಿಯೇ. ಬ್ಯಾಲೆಯಿಂದ ಯಕ್ಷಗಾನಕ್ಕೆ ಕಾಲಮಿತಿಯೂ ಭಾಷೆಯ ಗಡಿ ದಾಟುವ ಶಕ್ತಿಯೂ ದೊರೆತವು. ಅದಕ್ಕೆ ತೆತ್ತ ಬೆಲೆ ಅರ್ಥಗಾರಿಕೆ. ಕಾರಂತರ ಪ್ರಯೋಗದ ಮೌಲ್ಯಮಾಪನವು ಹೊಸ ವಾದ್ಯಗಳ ಚರ್ಚೆಯಲ್ಲಿಯೇ ನಿಲ್ಲದೆ, ಈ ಲಾಭನಷ್ಟಗಳೆರಡನ್ನೂ ತೂಗಬೇಕಾಗುತ್ತದೆ.