ಒಂಟಿ ತಾಯಿ ಮತ್ತು ಮಗುವಿನ ವಾಸಾನುಮತಿ

ವಲಸೆಯ ಕಾನೂನುಗಳು ರೂಪುಗೊಂಡ ಕಾಲದಲ್ಲಿ, ಹೊರನಾಡಿಗೆ ದುಡಿಯಲು ಹೋಗುವವನು ಗಂಡಸೆಂದೂ ಹೆಂಡಿರು ಮಕ್ಕಳು ಅವನನ್ನು ಹಿಂಬಾಲಿಸುವವರೆಂದೂ ಭಾವಿಸಲಾಗಿತ್ತು. ತಾಯಿಯೊಬ್ಬಳೇ ಹೊರಟು, ಮಗುವನ್ನು ಅಜ್ಜಿಯ ಬಳಿ ಬಿಟ್ಟು, ನೆಲೆ ಕಂಡ ಮೇಲೆ ಅದನ್ನು ಕರೆಸಿಕೊಳ್ಳಬಯಸಿದಾಗ ಈ ಭಾವನೆಯು ಕುಸಿಯುತ್ತದೆ. ಆಗ, ಆ ಮಗುವಿನ ಹೊಣೆ ಯಾರದೆಂಬ ಪ್ರಶ್ನೆ ಏಳುತ್ತದೆ. ಇದಕ್ಕೆ ಬ್ರಿಟನ್ ಮತ್ತು ಸಂಯುಕ್ತ ಅರಬ್ ಎಮಿರೇಟ್ಸ್ ಕೊಟ್ಟಿರುವ ಎರಡು ಬಗೆಯ ಉತ್ತರಗಳನ್ನು ಇಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ. ನಮ್ಮ ಕರಾವಳಿಯ ದಾದಿಯರು ಈ ಎರಡು ದೇಶಗಳಲ್ಲಿಯೂ ದುಡಿಯುತ್ತಿರುವುದರಿಂದ ವಿಷಯವು ನಮಗೆ ದೂರದ್ದಲ್ಲ.

ದ್ವಿತೀಯ ಮಹಾಯುದ್ಧಾನಂತರ ವೆಸ್ಟ್ ಇಂಡೀಸ್ ದ್ವೀಪಗಳಿಂದ ಬ್ರಿಟನ್ನಿಗೆ ಬಂದವರಲ್ಲಿ ಆಸ್ಪತ್ರೆಗಳಲ್ಲಿ ದುಡಿದ ಸ್ತ್ರೀಯರು ಬಹುಮಂದಿ. ಮಕ್ಕಳನ್ನು ಊರಿನಲ್ಲಿ ಅಜ್ಜಿಯರಿಗೆ ಒಪ್ಪಿಸಿ ಬಂದ ತಾಯಂದಿರು ಇವರಲ್ಲಿ ಅನೇಕರಿದ್ದರು. 1962ರ ಕಾಮನ್‌ವೆಲ್ತ್ ವಲಸೆಗಾರರ ಕಾಯಿದೆಯು ವಯಸ್ಕರ ಪ್ರವೇಶವನ್ನು ಮಿತಗೊಳಿಸಿದರೂ, ಅಲ್ಲಿ ನೆಲಸಿದವರ 16 ವರ್ಷದೊಳಗಿನ ಮಕ್ಕಳಿಗೆ ಬಾಗಿಲನ್ನು ತೆರೆದಿಟ್ಟಿತ್ತು. 1968ರ ಕಾಯಿದೆಯು, ತಂದೆತಾಯಿಗಳಲ್ಲಿ ಒಬ್ಬರು ಮಾತ್ರ ಬ್ರಿಟನ್ನಿನಲ್ಲಿದ್ದಾಗ ಮಕ್ಕಳ ಪ್ರವೇಶವನ್ನು ಬಿಗಿಗೊಳಿಸಿತು. ಹೀಗೆ 'ಏಕಮಾತ್ರ ಹೊಣೆ' ಎಂಬ ತತ್ತ್ವವು ಮುನ್ನೆಲೆಗೆ ಬಂದಿತು.

1994ರ ವಲಸೆ ನಿಯಮಗಳ 297ನೆಯ ಪರಿಚ್ಛೇದದಂತೆ, ಬ್ರಿಟನ್ನಿನಲ್ಲಿ ಶಾಶ್ವತವಾಗಿ ನೆಲಸಿರುವ ತಾಯಿಯು ಮಗುವಿನ ಪಾಲನೆಯ ಏಕಮಾತ್ರ ಹೊಣೆಯನ್ನು ಹೊತ್ತವಳಾಗಿದ್ದರೆ, 18 ತುಂಬದ ಅವಿವಾಹಿತ ಮಗುವು ಆಕೆಯನ್ನು ಸೇರಬಹುದು. 'ಹೊಣೆ' ಎಂದರೇನು? 2006ರಲ್ಲಿ ಅಲ್ಲಿನ ವಲಸೆ ನ್ಯಾಯಮಂಡಳಿಯು ಯೆಮೆನ್ ದೇಶದ ಪ್ರಕರಣವೊಂದರಲ್ಲಿ ಇದನ್ನು ವಿಶದಪಡಿಸಿತು. ಮಗುವಿಗೆ ಉಣಿಸಿ ಮಲಗಿಸುವವರು ಬೇರೆಯವರಾಗಿರಬಹುದು. ಅದರ ಬಾಳಿನ ಮುಖ್ಯ ನಿರ್ಧಾರಗಳನ್ನು ಕೈಗೊಂಡು, ಪಾಲನೆಯನ್ನು ಎಡೆಬಿಡದೆ ನಿರ್ದೇಶಿಸುತ್ತಿರುವವರು ಯಾರೆಂಬುದೇ ನಿರ್ಣಾಯಕ. ಆದುದರಿಂದ ಅಜ್ಜಿಯ ಆರೈಕೆಯು ತಾಯಿಯ ಹಕ್ಕಿಗೆ ಬಾಧಕವಲ್ಲ. ಆದರೆ ಹಣ ಕಳುಹಿಸುವುದೊಂದೇ ಆಕೆಯ ಹೊಣೆಗೆ ಸಾಕಾದ ಪ್ರಮಾಣವೂ ಅಲ್ಲ.

ಒಂದು ಕಲ್ಪಿತ ನಿದರ್ಶನವನ್ನು ಕೊಡೋಣ. ತಾಯಿ ಬರ್ಮಿಂಗ್‌ಹ್ಯಾಮಿನಲ್ಲಿ ದಾದಿ. ಮಗು ಕುಂದಾಪುರದಲ್ಲಿ ಅಜ್ಜಿಯೊಡನೆ ಇದೆ. ಶಾಲೆಯನ್ನು ಆರಿಸಿದವಳು, ಶಸ್ತ್ರಚಿಕಿತ್ಸೆಗೆ ಒಪ್ಪಿಗೆಯಿತ್ತವಳು, ಮಾಸ್ತರರೊಡನೆ ಪತ್ರವ್ಯವಹಾರ ನಡೆಸಿದವಳು ತಾಯಿಯೆಂದು ತೋರಿಸಿದರೆ ವಾದವು ದೃಢವಾಗುತ್ತದೆ. ಆದರೆ ವರ್ಷಕ್ಕೊಮ್ಮೆ ಬಂದುಹೋಗುವ ತಂದೆಯು ಶಾಲೆಯ ಅರ್ಜಿಗೆ ಸಹಿ ಹಾಕಿದ್ದರೆ, ಅದು ಬರಿಯ ಉಪಚಾರವೋ ಹೊಣೆಯ ಪಾಲೋ ಎಂಬ ವಿಚಾರಣೆ ಮೊದಲಾಗುತ್ತದೆ. ಇರುವುದನ್ನು ತೋರಿಸುವುದು ಸುಲಭ. ತಂದೆಯ ಪಾತ್ರವು ಇಲ್ಲವೆಂಬುದನ್ನು ತೋರಿಸುವುದು ದುಸ್ಸಾಧ್ಯ.

ಎಮಿರೇಟ್ಸ್‌ನ ಪದ್ಧತಿಯು ಬೇರೆ. ಅಲ್ಲಿ ವಾಸಾನುಮತಿಯು ಪ್ರಾಯೋಜಕತ್ವವನ್ನು ಅವಲಂಬಿಸಿದೆ. 2019ರಲ್ಲಿ ವೃತ್ತಿಯ ನಿರ್ಬಂಧವನ್ನು ತೆಗೆದು, ತಿಂಗಳಿಗೆ 4,000 ದಿರ್ಹಮ್, ಅಥವಾ ವಸತಿಯೊಡನೆ 3,000 ದಿರ್ಹಮ್ ವರಮಾನವನ್ನು ಕುಟುಂಬದ ಪ್ರಾಯೋಜಕತ್ವಕ್ಕೆ ಅಳತೆಯಾಗಿ ಇಡಲಾಯಿತು. ಅದಕ್ಕೆ ಮುಂಚೆ, 2018ರ ಅಕ್ಟೋಬರಿನಿಂದ, ವಿಧವೆಯರಿಗೂ ವಿಚ್ಛೇದಿತೆಯರಿಗೂ ಅವರ ಮಕ್ಕಳಿಗೂ ಪ್ರಾಯೋಜಕನಿಲ್ಲದೆಯೇ ಒಂದು ವರ್ಷದ ವಿಸ್ತರಣೆ ದೊರೆಯುವಂತಾಯಿತು. ಆದರೆ ತಾಯಿಯು ತಾನೇ ಪ್ರಾಯೋಜಕಳಾಗಲು ಸಾಮಾನ್ಯವಾಗಿ ತಂದೆಯ ಲಿಖಿತ ಸಮ್ಮತಿ ಬೇಕು. ಇಲ್ಲಿ ಒಂದು ವೈಚಿತ್ರ್ಯವನ್ನು ಗಮನಿಸಬೇಕು. ದುಬೈಯಲ್ಲಿ ದಾರಿಯನ್ನು ತೆರೆಯುವ ಅದೇ ಸಮ್ಮತಿಪತ್ರವು, ಬ್ರಿಟನ್ನಿನಲ್ಲಿ ತಂದೆಗೂ ನಿರ್ಧಾರದಲ್ಲಿ ಪಾಲಿದೆಯೆಂಬ ಅರ್ಥಕ್ಕೆ ಎಡೆಗೊಡಬಹುದು.

ನಮ್ಮ ದೇಶದ ಕಾನೂನು ನಿಧಾನವಾಗಿ ತಾಯಿಯ ಪರವಾಗಿ ಸಾಗಿದೆ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯಿದೆಯು ತಂದೆಯನ್ನೂ, 'ಅವನ ಅನಂತರ' ತಾಯಿಯನ್ನೂ ಸಹಜ ಪಾಲಕರೆಂದಿತು. 1999ರಲ್ಲಿ ಗೀತಾ ಹರಿಹರನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ತಂದೆ ಬದುಕಿದ್ದರೂ ಮಗುವಿನ ಪಾಲನೆಗೆ ವಿಮುಖನಾಗಿದ್ದರೆ ತಾಯಿಯೇ ಪಾಲಕಳಾಗಬಹುದೆಂದು ಆ ಮಾತನ್ನು ಅರ್ಥೈಸಿತು. 2015ರಲ್ಲಿ, ಅವಿವಾಹಿತ ತಾಯಿಯು ತಂದೆಗೆ ತಿಳಿವಳಿಕೆಯನ್ನು ಜಾರಿ ಮಾಡದೆಯೇ ಪಾಲಕತ್ವವನ್ನು ಕೋರಬಹುದೆಂದಿತು. 2016ರ ಡಿಸೆಂಬರಿನಿಂದ ಪಾಸ್‌ಪೋರ್ಟಿನ ಅರ್ಜಿಗೆ ತಂದೆತಾಯಿಗಳಲ್ಲಿ ಒಬ್ಬರ ಹೆಸರೇ ಸಾಕು. ಆದರೂ ಪಾಸ್‌ಪೋರ್ಟು ಕೈಸೇರಿದ ಮಾತ್ರಕ್ಕೆ ವೀಸಾ ದೊರೆತಂತಲ್ಲ. ಪರದೇಶದ ಅಧಿಕಾರಿಯು ತನ್ನ ನಿಯಮದಂತೆಯೇ ವಿಚಾರಿಸುತ್ತಾನೆ.

ಇನ್ನು ಕೆಲವು ತಾಯಂದಿರಿಗೆ ವಾದಿಸುವ ಅವಕಾಶವೇ ಉಳಿದಿಲ್ಲ. 2024ರ ಮಾರ್ಚ್ 11ರಿಂದ ಬ್ರಿಟನ್, ಹೊಸದಾಗಿ ಬರುವ ಆರೈಕೆ ಕೆಲಸಗಾರರು ಅವಲಂಬಿತರನ್ನು ಕರೆತರುವುದನ್ನು ನಿಷೇಧಿಸಿತು. ಪರರ ವೃದ್ಧ ತಂದೆತಾಯಿಗಳ ಶುಶ್ರೂಷೆಗೆ ಬಂದವಳಿಗೆ ತನ್ನ ಮಗುವಿನ ಶುಶ್ರೂಷೆ ದೂರವಾಯಿತು.

ಹೊಣೆಯನ್ನು ಅಳೆಯುವ ನಿಯಮವು ರಾಜ್ಯಕ್ಕೆ ಅಗತ್ಯವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ; ತಂದೆಯ ಅರಿವಿಲ್ಲದೆ ಮಗುವನ್ನು ಒಯ್ಯುವುದೂ ಅನ್ಯಾಯವೇ. ಆದರೆ ಕಾಣೆಯಾದ ತಂದೆಯ ಮೌನಕ್ಕೆ ತಾಯಿಯೇ ಸಾಕ್ಷ್ಯ ಒದಗಿಸಬೇಕಾದಲ್ಲಿ ಕಾಲವು ಆಕೆಗೆ ಪ್ರತಿಕೂಲವಾಗಿರುತ್ತದೆ. ಕಡತವು ಕಾಯಬಲ್ಲುದು, ಮಗುವಿನ ವಯಸ್ಸು ಕಾಯಲಾರದು.