ಕೀಲುಗೊಂಬೆ ಯಾರ ಮೈಯಳತೆಯದು?

ಹೊಸ ಕಾರು ಕೊಳ್ಳೋ ಮುಂಚೆ ಈಗ ಎಲ್ಲರೂ ಕೇಳೋ ಪ್ರಶ್ನೆ ಒಂದೇ, 'ಎಷ್ಟು ಸ್ಟಾರ್ ಇದೆ?' ಆ ಸ್ಟಾರ್ ಸಿಗಬೇಕಾದರೆ ಯಾರೋ ಒಬ್ಬರು ಆ ಕಾರಿನಲ್ಲಿ ಕೂತು, ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಹೋಗಿ ತಡೆಗೋಡೆಗೆ ಗುದ್ದಬೇಕು. ಆ 'ಯಾರೋ' ಒಂದು ಗೊಂಬೆ. ಕತ್ತು, ಭುಜ, ಸೊಂಟ, ಮೊಣಕಾಲು ಎಲ್ಲವೂ ನಮ್ಮ ಹಾಗೇ ಬಾಗುವ, ಮೈ ತುಂಬಾ ಸೆನ್ಸರ್ ಇರುವ ಕೀಲುಗೊಂಬೆ.

ಕೀಲು ಯಾಕೆ ಬೇಕು? ಸೂತ್ರದ ಗೊಂಬೆಯಾಟ ನೋಡಿದವರಿಗೆ ಇದು ಗೊತ್ತು. ಗೊಂಬೆಗೆ ಜೀವ ಬರೋದು ಅದರ ಕೀಲಿನಲ್ಲಿ. ಅಪಘಾತದಲ್ಲೂ ಹಾಗೇ. ಕತ್ತು ಎಷ್ಟು ಹಿಂದಕ್ಕೆ ಹೋಯಿತು, ಎದೆ ಎಷ್ಟು ಒಳಕ್ಕೆ ಕುಗ್ಗಿತು ಅನ್ನೋದರ ಮೇಲೆ ಪೆಟ್ಟು ನಿರ್ಧಾರವಾಗುತ್ತೆ. ಕಲ್ಲಿನ ವಿಗ್ರಹ ಕೂರಿಸಿದರೆ ಇದ್ಯಾವುದೂ ತಿಳಿಯಲ್ಲ. ಹಾಗಾಗಿ ವಾಹನ, ವೈದ್ಯಕೀಯ, ಬಾಹ್ಯಾಕಾಶ ಸಂಶೋಧನೆಗಳಲ್ಲಿ ಇಂಥ ಗೊಂಬೆಗಳು ನಮ್ಮ ಬದಲಿಗೆ ನಿಲ್ಲುತ್ತವೆ. ಆದರೆ ಅವನ್ನು ಮಾಡಿದ್ದು ಯಾರ ಮೈಯಳತೆಗೆ?

ಪೈಲಟ್ ಸೀಟಿನಿಂದ ಕಾರಿಗೆ

ಇಂಥ ಪರೀಕ್ಷಾ ಗೊಂಬೆಗಳಲ್ಲಿ ಮೊದಲನೆಯದು 'ಸಿಯೆರಾ ಸ್ಯಾಮ್'. 1949ರಲ್ಲಿ ಅಮೆರಿಕದ ವಾಯುಪಡೆಗಾಗಿ, ವಿಮಾನದಿಂದ ಪೈಲಟನ್ನು ಹೊರಗೆ ಚಿಮ್ಮಿಸುವ ಸೀಟಿನ ಪರೀಕ್ಷೆಗೆ ಮಾಡಿದ್ದು. ಆಗಿನ ಪೈಲಟ್‌ಗಳು ಗಂಡಸರು, ಗೊಂಬೆಯೂ ದೊಡ್ಡಾಳು ಗಂಡಸು. ಆಮೇಲೆ ಗೊಂಬೆ ಕಾರಿಗೆ ಬಂತು. 1976ರಲ್ಲಿ ಜನರಲ್ ಮೋಟರ್ಸ್ ತಯಾರಿಸಿದ 'ಹೈಬ್ರಿಡ್ 3' ಇಂದಿಗೂ ಪ್ರಪಂಚದಾದ್ಯಂತ ಬಳಕೆಯಲ್ಲಿದೆ. ಎತ್ತರ ಸುಮಾರು 175 ಸೆಂ.ಮೀ., ತೂಕ ಸುಮಾರು 78 ಕೆ.ಜಿ. ಅಂದರೆ ಅಂದಿನ ಸರಾಸರಿ ಅಮೆರಿಕನ್ ಗಂಡಸು. 2023ರ ಅಕ್ಟೋಬರ್‌ನಲ್ಲಿ ಶುರುವಾದ ನಮ್ಮ ಭಾರತ್ ಎನ್‌ಕ್ಯಾಪ್ ಪರೀಕ್ಷೆಯ ಮುಂದಿನ ಸೀಟುಗಳಲ್ಲೂ ಕೂರೋದು ಇವನೇ.

ಹೆಣ್ಣು ಗೊಂಬೆ ಇಲ್ಲವೇ ಅಂದರೆ, ಇದೆ. ಎತ್ತರ ಸುಮಾರು 150 ಸೆಂ.ಮೀ., ತೂಕ 50 ಕೆ.ಜಿ.ಗಿಂತ ತುಸು ಕಮ್ಮಿ. ಆದರೆ ಇದು ಬಹುಮಟ್ಟಿಗೆ ಗಂಡು ಗೊಂಬೆಯನ್ನೇ ಕುಗ್ಗಿಸಿ ಮಾಡಿದ್ದು. ಅಮೆರಿಕದ ಸ್ಟಾರ್ ರೇಟಿಂಗ್‌ನಲ್ಲಿ ಎದುರಿನಿಂದ ಗುದ್ದಿಸುವ ಪರೀಕ್ಷೆ ಮಾಡುವಾಗ ಇವಳನ್ನು ಕೂರಿಸೋದು ಡ್ರೈವರ್ ಪಕ್ಕದ ಸೀಟಿನಲ್ಲಿ. ಸ್ಟೀರಿಂಗ್ ಮಾತ್ರ ಅವನದೇ.

ಇದರಿಂದ ಏನಾಯ್ತು? ಅಮೆರಿಕದ ಅಪಘಾತಗಳ ದಾಖಲೆ ಇಟ್ಟುಕೊಂಡು ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಒಂದು ಲೆಕ್ಕ ಕೊಟ್ಟರು. ಒಂದೇ ಬಗೆಯ ಅಪಘಾತದಲ್ಲಿ, ಸೀಟ್ ಬೆಲ್ಟ್ ಹಾಕಿದ್ದರೂ, ಚಾಲಕಿಗೆ ತೀವ್ರ ಗಾಯವಾಗುವ ಸಂಭವ ಚಾಲಕನಿಗಿಂತ 47% ಹೆಚ್ಚು. ಇದಕ್ಕೆ ಗೊಂಬೆಯೊಂದೇ ಕಾರಣ ಅನ್ನೋಕಾಗಲ್ಲ. ಆದರೆ ಯಾರ ಮೈಯನ್ನು ಅಳೆಯಲಿಲ್ಲವೋ ಅವರಿಗಾಗಿ ಸೀಟನ್ನು ತಿದ್ದೋದು ಹೇಗೆ?

ಈ ಕೊರತೆ ತುಂಬಲು ಹೊರಟವರು ಸ್ವೀಡನ್ನಿನ ಸಂಶೋಧಕಿ ಆಸ್ಟ್ರಿಡ್ ಲಿಂಡರ್. ಅವರ ತಂಡ 2022ರಲ್ಲಿ ಸರಾಸರಿ ಹೆಣ್ಣಿನ ಗೊಂಬೆಯನ್ನು ಜಗತ್ತಿಗೆ ತೋರಿಸಿತು. 162 ಸೆಂ.ಮೀ., 62 ಕೆ.ಜಿ. ಹಿಂದಿನಿಂದ ಇನ್ನೊಂದು ಗಾಡಿ ಗುದ್ದಿದಾಗ ಕತ್ತಿಗೆ ಏನಾಗುತ್ತೆ ಅಂತ ಇದು ಹೇಳುತ್ತೆ. ಆ ಬಗೆಯ ಕತ್ತು ನೋವಿನ ಅಪಾಯ ಹೆಂಗಸರಿಗೇ ಹೆಚ್ಚು. ಅಂದಹಾಗೆ, ನಮ್ಮ ದೇಶದ ಹೆಣ್ಣುಮಕ್ಕಳ ಸರಾಸರಿ ಎತ್ತರ ಸುಮಾರು ಐದಡಿ. ಈ ಹೊಸ ಗೊಂಬೆಯೂ ನಮಗಿಂತ ಉದ್ದ!

ಮುಖ ಹೆಣ್ಣಿನದು, ಎದೆ ಮಾತ್ರ...

ಆಸ್ಪತ್ರೆಯ ಕಡೆ ಬನ್ನಿ. ಸಿಪಿಆರ್ ತರಬೇತಿಯ 'ಆ್ಯನ್' ಗೊಂಬೆಯನ್ನು 1960ರಲ್ಲಿ ತಂದವರು ನಾರ್ವೆಯ ಆಟಿಕೆ ತಯಾರಕ ಆಸ್ಮಂಡ್ ಲೇರ್ಡಾಲ್. ಪ್ಯಾರಿಸ್ಸಿನ ಸೀನ್ ನದಿಯಲ್ಲಿ ಶವವಾಗಿ ಸಿಕ್ಕಳೆಂದು ಹೇಳಲಾಗುವ ಅನಾಮಿಕ ಹುಡುಗಿಯ ಮುಖದ ಅಚ್ಚನ್ನೇ ಅದಕ್ಕೆ ಬಳಸಿದರು. ಗಂಡು ಗೊಂಬೆಯ ಬಾಯಿಗೆ ಬಾಯಿಟ್ಟು ಉಸಿರು ಕೊಡೋಕೆ ಗಂಡಸರು ಹಿಂಜರಿಯಬಹುದು ಅನ್ನೋದು ಅವರ ಲೆಕ್ಕಾಚಾರ.

ಹೀಗೆ ಮುಖವೇನೋ ಹೆಣ್ಣಿನದಾಯಿತು. ಆದರೆ ಇಂದಿಗೂ ಇಂಥ ತರಬೇತಿ ಗೊಂಬೆಗಳಲ್ಲಿ ಹೆಚ್ಚಿನವುಗಳ ಎದೆ ಚಪ್ಪಟೆ. ಅದರ ಮೇಲೇ ಕಲಿತ ಕೈ, ರಸ್ತೆಯಲ್ಲಿ ಹೆಣ್ಣೊಬ್ಬಳು ಕುಸಿದಾಗ ತಡವರಿಸುತ್ತೆ. ಸಾರ್ವಜನಿಕ ಜಾಗದಲ್ಲಿ ಹೃದಯ ನಿಂತವರ ಬಗ್ಗೆ ಅಮೆರಿಕದಲ್ಲಿ 2017ರಲ್ಲಿ ಹೊರಬಂದ ಅಧ್ಯಯನದ ಪ್ರಕಾರ, 45% ಗಂಡಸರಿಗೆ ಅಲ್ಲಿದ್ದವರಿಂದ ಸಿಪಿಆರ್ ಸಿಕ್ಕಿತ್ತು. ಹೆಂಗಸರಿಗೆ 39% ಮಾತ್ರ. ಮುಟ್ಟಿದರೆ ಯಾರು ಏನಂದುಕೊಳ್ಳುತ್ತಾರೋ ಅನ್ನೋ ಅಳುಕು ನಮ್ಮಲ್ಲೂ ಕಮ್ಮಿಯೇನಿಲ್ಲ.

ಸೂಲಗಿತ್ತಿಯ ಬಟ್ಟೆ ಗೊಂಬೆ

ಮೊದಲಿಂದಲೂ ಹೀಗೇ ಇತ್ತು ಅನ್ನಬೇಡಿ. 18ನೇ ಶತಮಾನದ ಫ್ರಾನ್ಸ್‌ನಲ್ಲಿ ಮದಾಮ್ ದ್ಯು ಕೂದ್ರೇ ಎಂಬ ಸೂಲಗಿತ್ತಿ ಇದ್ದರು. ಬಟ್ಟೆ, ಚರ್ಮ ಬಳಸಿ ತಾಯಿಯ ಸೊಂಟದ ಭಾಗ ಮತ್ತು ಮಗುವಿನ ಗೊಂಬೆ ಹೊಲಿಸಿ, ಮಗು ಅಡ್ಡ ಬಂದರೆ ಕೈ ಹೇಗೆ ಆಡಿಸಬೇಕು ಅಂತ ತೋರಿಸುತ್ತಿದ್ದರು. 1759ರಲ್ಲಿ ರಾಜನೇ ಅವರಿಗೆ ಈ ಕೆಲಸ ವಹಿಸಿದ. ಊರೂರು ಸುತ್ತಿ, ಓದುಬರಹ ಬಾರದ ಹೆಂಗಸರೂ ಸೇರಿ ಸಾವಿರಾರು ಜನರಿಗೆ ಕಲಿಸಿದರು. ಅವರ ಗೊಂಬೆಯೊಂದು ರುವಾನ್ ನಗರದ ಮ್ಯೂಸಿಯಂನಲ್ಲಿ ಇಂದಿಗೂ ಇದೆ. ಯಾರ ಜೀವ ಉಳಿಸಬೇಕಿತ್ತೋ ಅವರ ಮೈಯಂತೆಯೇ ಆ ಗೊಂಬೆ ಇತ್ತು.

ಬಾಹ್ಯಾಕಾಶ ಸಂಶೋಧನೆಯೂ ಈಗ ಇದೇ ದಾರಿಗೆ ಬರುತ್ತಿದೆ. 2022ರ ನವೆಂಬರ್‌ನಲ್ಲಿ ಹೊರಟು ಚಂದ್ರನ ಸುತ್ತ ಹೋಗಿಬಂದ ಆರ್ಟೆಮಿಸ್-1 ನೌಕೆಯಲ್ಲಿ ಒಂದು ಪೂರ್ಣದೇಹದ ಗಂಡು ಗೊಂಬೆಯ ಜೊತೆ ಹೆಲ್ಗಾ, ಜೋಹರ್ ಎಂಬ ಎರಡು ಹೆಣ್ಣು ಮುಂಡಗಳಿದ್ದವು. ವಿಕಿರಣದ ಅಪಾಯ ಹೆಣ್ಣಿನ ದೇಹಕ್ಕೆ ಹೆಚ್ಚು ಎಂಬ ಕಾರಣಕ್ಕೇ ಅವನ್ನು ಕಳಿಸಿದ್ದು. ನಮ್ಮ ಇಸ್ರೋ ಗಗನಯಾನಕ್ಕಾಗಿ ರೂಪಿಸಿದ, 2020ರಲ್ಲಿ ಬೆಂಗಳೂರಿನಲ್ಲಿ ಪರಿಚಯಿಸಿದ ವ್ಯೋಮಮಿತ್ರ ಕೂಡ ಹೆಣ್ಣು ರೂಪದ ರೋಬೊ.

ನಾವೇನು ಮಾಡಬಹುದು?

ಕಾರು ನೋಡೋಕೆ ಹೋದಾಗ ಸ್ಟಾರ್ ಎಣಿಸಿ ಸುಮ್ಮನಾಗಬೇಡಿ. ಮನೆಯಲ್ಲಿ ಓಡಿಸುವ ಪ್ರತಿಯೊಬ್ಬರನ್ನೂ ಸೀಟಿನಲ್ಲಿ ಕೂರಿಸಿ. ಬೆಲ್ಟ್ ಕತ್ತಿಗೆ ಒತ್ತದೆ ಭುಜದ ಮೇಲೆ ಬರುತ್ತಾ, ಹೆಡ್‌ರೆಸ್ಟ್ ತಲೆಯ ಹಿಂದೆಯೇ ಇದೆಯಾ, ಪೆಡಲ್ ಎಟುಕಿಸೋಕೆ ಎದೆ ಸ್ಟೀರಿಂಗ್‌ಗೆ ಅಂಟುತ್ತಾ ಅಂತ ನೋಡಿ. ಆಫೀಸಿನಲ್ಲಿ ಸಿಪಿಆರ್ ತರಬೇತಿ ಇಟ್ಟರೆ ಹೆಣ್ಣು ದೇಹದ ಗೊಂಬೆಯನ್ನೂ ತರಿಸಿ ಅಂತ ಕೇಳಿ. ಯಾರಾದರೂ ಕುಸಿದು ಬಿದ್ದು, ಎಚ್ಚರವೂ ಇಲ್ಲ, ಸರಿಯಾದ ಉಸಿರಾಟವೂ ಇಲ್ಲ ಅಂದರೆ 108ಕ್ಕೆ ಕರೆ ಮಾಡಿಸಿ, ಎದೆಯ ನಡುಮಧ್ಯೆ ಕೈಯಿಟ್ಟು ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂ.ಮೀ. ಆಳಕ್ಕೆ ಒತ್ತಿ. ಗಂಡಾಗಲಿ ಹೆಣ್ಣಾಗಲಿ, ಒತ್ತುವ ಜಾಗ ಅದೇ.