ಆ ಲೋಕದಲ್ಲಿ ಅಡುಗೆ ಮಾಡುವವರು ಯಾರು?

ಮಂತ್ರವಾದಿಗಳು, ಹಾರುವ ಸರ್ಪಗಳು, ಯಾರೂ ಕಾಣದ ದೇಶಗಳು! ಇಂಥ ಕಾದಂಬರಿ ನಮ್ಮ ಕೈಯಲ್ಲಿ ಕಂಡರೆ ಸಾಕು, "ಈ ವಯಸ್ಸಲ್ಲಿ ಅಡಗೂಲಜ್ಜಿ ಕತೆ ಓದ್ತೀಯಾ?" ಎಂದು ಮನೆಯವರು ನಗುತ್ತಾರೆ. ನಗಲಿ ಬಿಡಿ. ಈಚೆಗೆ ಇಂಥ ನಾಲ್ಕು ಪುಸ್ತಕಗಳನ್ನು ಓದಿದ ಮೇಲೆ ನನಗೊಂದು ಮಾತು ಹೊಳೆದಿದೆ. ಬರೆದವರು ಎಂಥ ಲೋಕವನ್ನಾದರೂ ಕಟ್ಟಲಿ, ನಾವು ಗೃಹಿಣಿಯರು ಒಂದು ಪ್ರಶ್ನೆ ಕೇಳಬೇಕು: "ಅಲ್ಲಿ ಅಡುಗೆ ಮಾಡುವವರು ಯಾರು?" ಇದಕ್ಕೆ ಪ್ರಾಮಾಣಿಕವಾಗಿ ಉತ್ತರ ಕೊಡುವ ಪುಸ್ತಕ ಬರೀ ಸುಳ್ಳು ಕತೆಯಾಗಿ ಉಳಿಯುವುದಿಲ್ಲ.

ಪಾತ್ರೆ ಹೊತ್ತ ಗೆಳೆಯ

ಟೋಲ್ಕಿನ್ನರ 'ದಿ ಲಾರ್ಡ್ ಆಫ್ ದಿ ರಿಂಗ್ಸ್' 1954-55ರಲ್ಲಿ ಮೂರು ಸಂಪುಟಗಳಲ್ಲಿ ಬಂದದ್ದು. ಹೆಸರುಗಳು ಗೋಜಲು, ಹೆಂಗಸರು ಬೆರಳೆಣಿಕೆಯಷ್ಟು. ಆದರೂ ಸ್ಯಾಮ್ ಎಂಬ ತೋಟದಾಳಿಗಾಗಿ ನೀವಿದನ್ನು ಓದಬೇಕು. ಯಜಮಾನನ ಜೊತೆ ಅಪಾಯದ ದಾರಿ ಹಿಡಿದವನು ಬೆನ್ನ ಮೇಲೆ ಪಾತ್ರೆಗಳನ್ನೂ ಉಪ್ಪಿನ ಡಬ್ಬಿಯನ್ನೂ ಹೊತ್ತೇ ನಡೆಯುತ್ತಾನೆ. ಕೊನೆಗೆ ಹೊರೆ ತಾಳಲಾರದೆ ಪಾತ್ರೆಗಳನ್ನು ಕಂದಕಕ್ಕೆ ಎಸೆಯುವಾಗ ಅವನಿಗಾಗುವ ಸಂಕಟ ಇದೆಯಲ್ಲ, ಅದು ನಮಗಲ್ಲದೆ ಇನ್ಯಾರಿಗೆ ಅರ್ಥವಾದೀತು?

ಬಿಸಿಲಿನ ಒಲೆ

ಎರಡನೆಯದು ಕಾದಂಬರಿಯಲ್ಲ, ಪುಟ್ಟ ಕತೆ. ರೊಕೇಯಾ ಸಖಾವತ್ ಹುಸೇನ್ ಎಂಬ ಬಂಗಾಳಿ ಮುಸ್ಲಿಂ ಮಹಿಳೆ ಇಂಗ್ಲಿಷಿನಲ್ಲಿ ಬರೆದ 'ಸುಲ್ತಾನಾಸ್ ಡ್ರೀಮ್' 1905ರಲ್ಲಿ ಮದ್ರಾಸಿನ 'ಇಂಡಿಯನ್ ಲೇಡೀಸ್ ಮ್ಯಾಗಜೀನ್'ನಲ್ಲಿ ಅಚ್ಚಾಯಿತು. ಈ ಹೆಣ್ಣುನಾಡಿನಲ್ಲಿ ಪರದೆಯ ಹಿಂದಿರುವವರು ಗಂಡಸರು! ಮಗು ನೋಡಿಕೊಳ್ಳುವುದು, ಬೇಯಿಸುವುದು ಎಲ್ಲಾ ಅವರ ಪಾಲಿಗೆ. ಹೆಂಗಸರು ಮೋಡದಿಂದ ನೀರಿಳಿಸುತ್ತಾರೆ, ಬಿಸಿಲಿನ ಶಾಖದಲ್ಲಿ ಅಡುಗೆಯಾಗುವಂತೆ ಮಾಡುತ್ತಾರೆ. ಅಡುಗೆಮನೆಯಲ್ಲಿ ಹೊಗೆಯೇ ಇಲ್ಲ. ಸೌದೆ ಒಲೆ ಊದಿ ಕಣ್ಣು ಕೆಂಪು ಮಾಡಿಕೊಂಡವರಿಗಷ್ಟೇ ಹೊಳೆಯುವ ಕನಸಿದು.

ಗಂಡಸರನ್ನು ಹಾಗೆ ಕೂಡಿಹಾಕುವುದು ಸರಿಯೇ ಎನ್ನುತ್ತೀರಾ? ಸರಿಯಲ್ಲ. ಹಾಗಾದರೆ ಹೆಂಗಸರನ್ನು ಕೂಡಿಹಾಕಿದ್ದು ಹೇಗೆ ಸರಿಯಾಯಿತು? ಕತೆ ನಗಿಸಿ ನಗಿಸಿ ಕೇಳುವುದು ಇದನ್ನೇ. ಗಂಡ ಸರ್ಕಿಟ್ ಹೋದಾಗ ಹೊತ್ತು ಕಳೆಯಲು ಬರೆದದ್ದಂತೆ. ಬಂದವರು ನಿಂತಲ್ಲೇ ಓದಿ ಮುಗಿಸಿ, ಎಂಥ ಭಯಂಕರ ಸೇಡು ಎಂದರಂತೆ. ಈ ರೊಕೇಯಾ ಅವರೇ 1911ರಲ್ಲಿ ಕಲ್ಕತ್ತೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದು ನಡೆಸಿದವರು.

ಗೆದ್ದ ಮೇಲೆ ಏನು?

ಅಮೆರಿಕದ ಅರ್ಸುಲಾ ಲೆ ಗ್ವಿನ್ 1968ರಲ್ಲಿ 'ಅರ್ಥ್‌ಸೀ' ಎಂಬ ದ್ವೀಪಗಳ ಲೋಕದ ಮೊದಲ ಕಾದಂಬರಿ ಬರೆದಾಗ ಅಲ್ಲಿ ಮಂತ್ರವಿದ್ಯೆಯ ಶಾಲೆ ಗಂಡುಮಕ್ಕಳಿಗೆ ಮಾತ್ರ. ಇಪ್ಪತ್ತೆರಡು ವರ್ಷಗಳ ನಂತರ, 1990ರಲ್ಲಿ, ಅದೇ ಲೋಕಕ್ಕೆ ಮರಳಿ 'ತೆಹಾನು' ಬರೆದರು. ನಾಲ್ಕರಲ್ಲಿ ನನಗೆ ಅತಿ ಪ್ರಿಯವಾದದ್ದು ಇದೇ.

ಇದರ ನಾಯಕಿ ಟೆನಾರ್ ನಡುವಯಸ್ಸಿನ ವಿಧವೆ, ಬೇಸಾಯಗಾರನ ಹೆಂಡತಿಯಾಗಿದ್ದವಳು. ಸ್ವಂತದವರೇ ಹೊಡೆದು ಬೆಂಕಿಗೆ ನೂಕಿದ ಹೆಣ್ಣುಮಗುವೊಂದನ್ನು ಮನೆಗೆ ತಂದು ಸಾಕುತ್ತಾಳೆ. ಮಗುವಿನ ಅರ್ಧ ಮುಖ ಸುಟ್ಟಿದೆ, ಜನ ಅದನ್ನು ಕಂಡರೆ ಮುಖ ತಿರುಗಿಸುತ್ತಾರೆ. ಲೋಕವನ್ನೇ ಉಳಿಸಿದ ಮಂತ್ರವಾದಿ ಗೆಡ್ ತನ್ನ ಶಕ್ತಿಯೆಲ್ಲ ಕಳೆದುಕೊಂಡು ಬಂದು ಆಡು ಕಾಯುತ್ತಾನೆ, ಪಾತ್ರೆ ತೊಳೆಯುತ್ತಾನೆ. ಸಮುದ್ರದಿಂದ ಮರಳಿದ ಟೆನಾರಳ ಮಗನೋ ತಟ್ಟೆ ಎತ್ತುವುದು ಹೆಂಗಸರ ಕೆಲಸ ಅನ್ನುತ್ತಾನೆ. ಇಲ್ಲಿ ಉಣ್ಣುವವರೆಲ್ಲರ ಕೆಲಸ ಅದು ಎಂದು ತಾಯಿ ಹೇಳಿದರೂ ಕೇಳುವುದಿಲ್ಲ. ಗಂಡುಮಕ್ಕಳನ್ನು ಬೆಳೆಸುತ್ತಿರುವ ತಾಯಂದಿರೇ, ಈ ಪುಟಗಳನ್ನು ಎರಡು ಸಲ ಓದಿ. ನಡಿಗೆ ನಿಧಾನ, ಕೊನೆ ಮಾತ್ರ ತುಸು ಅವಸರದ್ದು. ಆದರೂ ಗೆದ್ದ ಮೇಲೆ ಮನೆ ನಡೆಸುವುದು ಯಾರು ಎಂದು ಕೇಳಿದ ಕತೆಗಳು ಎಷ್ಟಿವೆ, ಹೇಳಿ?

ಒಂದೇ ದಿನದಲ್ಲಿ

ಕೆನಡಾದ ಮಾರ್ಗರೆಟ್ ಅಟ್‌ವುಡ್ ಅವರ 'ದಿ ಹ್ಯಾಂಡ್‌ಮೇಡ್ಸ್ ಟೇಲ್' (1985) ಓದಿದ ರಾತ್ರಿ ನಿದ್ದೆ ಬರಲಿಲ್ಲ. ಅಲ್ಲಿ ಸರ್ಕಾರ ಕಸಿದುಕೊಂಡ ಹೊಸ ಆಡಳಿತಗಾರರು ಒಂದೇ ದಿನದಲ್ಲಿ ಹೆಂಗಸರ ಕೆಲಸ ತೆಗೆಯುತ್ತಾರೆ, ಬ್ಯಾಂಕಿನ ದುಡ್ಡು ಮುಟ್ಟದಂತೆ ಮಾಡುತ್ತಾರೆ. ನಾನಿದ್ದೇನಲ್ಲ, ನೋಡಿಕೊಳ್ತೀನಿ ಎನ್ನುತ್ತಾನೆ ಗಂಡ. ಒಳ್ಳೆಯವನೇ. ಆದರೂ ಆ ಮಾತು ಅವಳಿಗೆ ಮುಳ್ಳಿನಂತೆ ಚುಚ್ಚುತ್ತದೆ. ಆಮೇಲೆ ಹೆಂಗಸರು ಓದುವುದೇ ಅಪರಾಧ. ಅಂಗಡಿ ಬೋರ್ಡುಗಳಲ್ಲೂ ಅಕ್ಷರ ಹೋಗಿ ಚಿತ್ರ ಬರುತ್ತದೆ. ಚರಿತ್ರೆಯಲ್ಲಿ ಎಲ್ಲೂ ನಡೆಯದ ಸಂಗತಿಯನ್ನು ಇದರಲ್ಲಿ ಸೇರಿಸಿಲ್ಲ ಎಂದು ಲೇಖಕಿಯೇ ಹೇಳಿದ್ದಾರೆ. ಇದು ಚಿಕ್ಕ ಮಕ್ಕಳ ಕೈಗೆ ಕೊಡುವ ಪುಸ್ತಕವಲ್ಲ, ಎಚ್ಚರಿಕೆ.

ನೀವೂ ಓದಿ

ಮೊದಲು ರೊಕೇಯಾರ ಕತೆ ಓದಿ. ಒಂದು ಮಧ್ಯಾಹ್ನ ಸಾಕು. ಆಮೇಲೆ ಅರ್ಥ್‌ಸೀ ಪುಸ್ತಕಗಳನ್ನು ಮೊದಲಿನಿಂದ ಓದುತ್ತಾ 'ತೆಹಾನು'ಗೆ ಬನ್ನಿ. ದಪ್ಪ ಪುಸ್ತಕದ ಭಯ ಹೋದ ಮೇಲೆ ಟೋಲ್ಕಿನ್. ಅಟ್‌ವುಡ್ ಅವರದನ್ನು ಮನಸ್ಸು ಗಟ್ಟಿಯಿದ್ದ ದಿನ ಕೈಗೆತ್ತಿಕೊಳ್ಳಿ.

ಅದನ್ನು ಮುಗಿಸಿದ ದಿನ ಒಂದು ಕೆಲಸ ಮಾಡಿ: ನಿಮ್ಮ ಹೆಸರಿನ ಪಾಸ್‌ಬುಕ್ ಎಲ್ಲಿದೆ, ಅದರಲ್ಲಿ ಎಷ್ಟಿದೆ ಎಂದು ನೋಡಿಕೊಳ್ಳಿ. ನಿಮ್ಮ ಹೆಸರಲ್ಲಿ ಪಾಸ್‌ಬುಕ್ಕೇ ಇಲ್ಲವೇ? ಹಾಗಾದರೆ ಮರುದಿನವೇ ಬ್ಯಾಂಕಿಗೆ ಹೋಗಿ ಬನ್ನಿ. ಅಡಗೂಲಜ್ಜಿ ಕತೆಯಿಂದ ಏನು ಉಪಯೋಗ ಎಂದು ಮನೆಯಲ್ಲಿ ಕೇಳಿದರೆ ಅದನ್ನೇ ತೋರಿಸಿ!